ಹಕ್ಕಿ ಓಡಿಸಿದ ಹಾಡುಗಳು

ಬುಕ್ಕಸಾಗರ,
18 ನವೆಂಬರ್ 2024, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಹಂಪೇಶನ ನಮಸ್ಕಾರಗಳು. ಗಂಟಲಿನ ಗಾಯ ಪೂರ್ತಿ ಮಾಗಿತೇ? ಗಂಜಿ ಬಿಟ್ಟು ರೊಟ್ಟಿ ತಿನ್ನಲು ಶುರು ಮಾಡಿದೆಯಾ? ದನಿ ಇನ್ನು ಮುಂದೆ ಪಿಸುಮಾತಿಗಿಂತ ಮೇಲೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಭಾವ ಫೋನಿನಲ್ಲಿ ತಿಳಿಸಿದರು. ಅವತ್ತು ನನಗೆ ಊಟ ಸೇರಲಿಲ್ಲ. ಸೊಲ್ಲಾಪುರದ ಚಳಿಗೆ ಕುತ್ತಿಗೆಗೆ ಮಫ್ಲರ್ ಸುತ್ತಿಕೋ, ಅಂದ ಕೆಡುತ್ತದೆ ಎಂದು ಹಟ ಮಾಡಬೇಡ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಹೆಂಡತಿ ರೇಣುಕಾಳ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ನಿನ್ನ ಮಗಳು ಸ್ಫೂರ್ತಿ ಭಾನುವಾರ ಬಂತೆಂದರೆ ಹೊಸಪೇಟೆಯ ನರ್ಸಿಂಗ್ ಹಾಸ್ಟೆಲಿನಿಂದ ಬಂದು, ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಹೋಗುತ್ತಾಳೆ. ಇದನ್ನೆಲ್ಲ ಮೊಬೈಲಿನಲ್ಲೇ ಬರೆಯಬಹುದಿತ್ತು. ಆದರೆ ಅಲ್ಲಿ ನೀನು ಓದಿದ ಕೂಡಲೇ ನನಗೆ ಗೊತ್ತಾಗುತ್ತದೆ, ಉತ್ತರ ಬರುವವರೆಗೆ ಕಣ್ಣು ಕೀಳದೆ ಕೂರಬೇಕು. ಅಷ್ಟು ಗಟ್ಟಿ ಎದೆ ನನ್ನದಲ್ಲ.

ಮೊದಲು ಖುಷಿಯ ಸುದ್ದಿ ಹೇಳುತ್ತೇನೆ. ಕಂಪ್ಲಿ ಬಸ್ಸಿನ ಕಂಡಕ್ಟರ್ ಮಾರೆಪ್ಪ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ್ದಾನೆ. ಹೆಸರು ‘ಯಾರೂ ಕೇಳದ ಹಾಡು’. ತಾವೇ ಹಾಡು ಕಟ್ಟಿ, ತಾವೇ ಹಾಡಿ, ಒಂದೇ ಒಂದು ಕ್ಯಾಸೆಟ್ ತಂದು ಮರೆಯಾದವರನ್ನು ಹುಡುಕಿ ಎಲ್ಲರಿಗೂ ಕೇಳಿಸುವುದೇ ಇವರ ಹುಚ್ಚು. ಸಂಡೂರಿನ ಗಣಿ ಲಾರಿ ಡ್ರೈವರೊಬ್ಬ ಹಾಡಿದ್ದು, ಕೂಡ್ಲಿಗಿ ಕಡೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು ಹಾಡಿದ್ದು, ಹೀಗೆ. ಯಾರು ಮೊದಲು ಕೇಳಿದ್ದು ಎಂಬುದಕ್ಕೇ ವಾರಗಟ್ಟಲೆ ಜಗಳ. ಮಾರೆಪ್ಪ ನನ್ನನ್ನೂ ಸೇರಿಸಿದ್ದ, ನಾನು ಮೂಲೆಯಲ್ಲಿ ಕೂತವನಂತೆ ಸುಮ್ಮನಿದ್ದೆ. ಹೋದ ತಿಂಗಳು ಅವನೊಂದು ಕ್ಯಾಸೆಟ್ಟಿನ ಹೊದಿಕೆಯ ಫೋಟೋ ಹಾಕಿದ. ‘ನೀರು ಬಿಟ್ಟ ದಿನ. ಹಾಡು ಕಟ್ಟಿ ಹಾಡಿದವರು: ಜಂಬಕ್ಕ ಬುಕ್ಕಸಾಗರ.’ ಕಾಲುವೆ ದಂಡೆಯ ಮೇಲೆ ಎರಡು ಜಡೆ ಹಾಕಿಕೊಂಡು ನಿಂತ ನೀನು. ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ.

ಅವನ ಹತ್ತಿರ ಉಳಿದಿರುವುದು ಹೊದಿಕೆ ಮಾತ್ರ. ಇಪ್ಪತ್ಮೂರು ವರ್ಷದ ಹಿಂದೆ ಅವನ ಬಸ್ಸಿನಲ್ಲಿ ಹಾಕುತ್ತಿದ್ದರಂತೆ, ಒಂದು ದಿನ ಟೇಪು ಸಿಕ್ಕಿಹಾಕಿಕೊಂಡು ಹರಿದೇ ಹೋಯಿತಂತೆ. ‘ಬಿ ಸೈಡಿನ ಕೊನೀ ಹಾಡು ಬಂತಂದ್ರ ನಾ ಟಿಕೆಟ್ ಕೊಡೋದು ಬಿಟ್ಟು ನಿಂದ್ರುತ್ತಿದ್ದೆ. ಹಿಂಗ ಬರ್ದು ಹಿಂಗ ಹಾಡೋ ಹೆಣ್ಮಗಳನ್ನ ನಮ್ಮ ಮಂದಿ ಕೇಳ್ಲೇ ಇಲ್ಲಲ್ರಿ. ಯಾರ ಹತ್ರನಾ ಒಂದು ಕ್ಯಾಸೆಟ್ ಇದ್ರ ಹೇಳ್ರಿ’ ಎಂದು ಬರೆದಿದ್ದ. ನಲವತ್ತು ಜನ ಕಂಪ್ಲಿಯಿಂದ ಸಂಡೂರಿನವರೆಗೆ ಹುಡುಕಿದರು ಅಕ್ಕಾ. ಹೊಸಪೇಟೆಯ ಅಂಗಡಿಯಿಂದ ಮೂರು ಡಬ್ಬ ಕ್ಯಾಸೆಟ್ ಮಾರಾಟವಾಗದೆ ವಾಪಸ್ ಬಂದ ದಿನ ನೀನು ಹಾಡಿನ ನೋಟುಬುಕ್ಕನ್ನು ನೀರೊಲೆಗೆ ಹಾಕಿದ್ದೆ. ಆ ದಿನ ಇವರಲ್ಲಿ ಒಬ್ಬನಾದರೂ ಮನೆಗೆ ಬರಬಾರದಿತ್ತೇ?

ಈಗ ನನ್ನ ವಿಷಯಕ್ಕೆ ಬರಲೇಬೇಕು. ಆಪರೇಷನ್ ಆದ ಮರುದಿನ ಆಸ್ಪತ್ರೆಗೆ ಬಂದಿದ್ದ ನನಗೆ ನೀನು ಸ್ಲೇಟಿನ ಮೇಲೆ ಬರೆದಿದ್ದೆ: ‘ಆ ಡಬ್ಬಗಳು ಅಟ್ಟದ ಮೇಲೆ ಇವೆಯಾ? ನಾನು ಹಾಡುತ್ತಿದ್ದೆ ಅಂತ ಸ್ಫೂರ್ತಿಗೆ ಗೊತ್ತೇ ಇಲ್ಲ. ಒಂದನ್ನು ಕೇಳಿಸಬೇಕು.’ ನಾನು ಇವೆ ಎಂದು ತಲೆಯಾಡಿಸಿದೆ. ನೀನು ನಕ್ಕೆ. ಅದು ಸುಳ್ಳು ಅಕ್ಕಾ. ಒಂದೂ ಇಲ್ಲ. ಸ್ಫೂರ್ತಿ ಹುಟ್ಟಿದ ವರ್ಷ ಕಾಳು ಹಾಲುಗಟ್ಟುತ್ತಿದ್ದ ಭತ್ತಕ್ಕೆ ಹಕ್ಕಿಗಳ ಕಾಟ ಹೇಳತೀರದಷ್ಟಿತ್ತು. ಟೇಪು ಬಿಚ್ಚಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರೆ ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಊರವರೆಲ್ಲ ಹಳೆಯ ಕ್ಯಾಸೆಟ್ ಹುಡುಕುತ್ತಿದ್ದರು, ನಮ್ಮ ಅಟ್ಟದಲ್ಲಿ ಮೂರು ಡಬ್ಬ ಇದ್ದವು. ಕಣ್ಣಿಗೆ ಬೀಳದ ಹಾಗೆ ಇಡು ಎಂದು ನೀನೇ ಹೇಳಿದ್ದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದೊಂದಾಗಿ ಬಿಚ್ಚಿ ಗದ್ದೆಗೆ ಕಟ್ಟಿದೆ, ನಾಲ್ಕು ಬೆಳೆಗೆ ಬಂದವು. ಕೇಳಿದವರಿಗೂ ಕೊಟ್ಟೆ. ‘ನಮ್ಮಕ್ಕನ ಹಾಡಿಗೆ ಹಕ್ಕಿ ಸೈತ ಓಡಿ ಹೋಗ್ತಾವ ನೋಡ್ರಿ’ ಎಂದು ಬದುವಿನ ಮೇಲೆ ನಿಂತು ನಗಾಡಿದೆ. ಆ ಮಾತು ಈಗ ನನ್ನನ್ನು ಮಲಗಲು ಬಿಡುತ್ತಿಲ್ಲ. ನನ್ನನ್ನು ಬಾಯಿ ತುಂಬ ಬೈಯಲಿಕ್ಕೂ ನಿನಗೆ ದನಿ ಉಳಿದಿಲ್ಲವಲ್ಲ ಎಂಬುದನ್ನು ನೆನೆದರೆ ಏನೂ ತೋಚುವುದಿಲ್ಲ.

ತಡೆಯಲಾರದೆ ಮಾರೆಪ್ಪನಿಗೆ ಎಲ್ಲ ಹೇಳಿದೆ. ‘ಎಂಥಾ ಕೆಲಸ ಮಾಡೀಯಪ್ಪಾ’ ಎಂದ. ನಿನ್ನೆ ಗುಂಪಿನ ಇನ್ನಿಬ್ಬರನ್ನು ಕರೆದುಕೊಂಡು, ಹಳೆಯ ಟೇಪ್ ರೆಕಾರ್ಡರ್ ಹೊತ್ತು ಬಂದ. ಬದು, ಜಾಲಿಗಿಡ ಒಂದನ್ನೂ ಬಿಡದೆ ಹುಡುಕಿದರು. ಸಿಕ್ಕಿದ ಚೂರುಗಳೆಲ್ಲ ಬಿಸಿಲಿಗೆ ಬೆಳ್ಳಗಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಕೊನೆಗೆ ಪಂಪ್‌ಸೆಟ್ ಕೋಣೆಯ ಮೊಳೆಗೆ ನಾನೇ ಸುತ್ತಿಟ್ಟಿದ್ದ ಒಂದು ತುಂಡು ಸಿಕ್ಕಿತು, ಎರಡು ಮಾರು ಇದ್ದೀತು. ಮಾರೆಪ್ಪ ಅದನ್ನು ಮನೆಗೆ ತಂದು, ಧೋತರದ ಚುಂಗಿನಿಂದ ಒರೆಸಿ, ಖಾಲಿ ಕ್ಯಾಸೆಟ್ಟಿಗೆ ಅಂಟಿಸಿ ಹಾಕಿದ. ಗೊರಗೊರ ಸದ್ದು. ಆಮೇಲೆ ನೀನು.

‘ಕಾಲುವಿ ತುಂಬಿ ಬಂತು, ಕೊಡ ಯಾಕ ಬರಿದು,
ದಂಡ್ಯಾಗ ನಿಂತೀನಿ, ಕರಿಯೋರು ಯಾರದು?’

ಇಷ್ಟೇ. ಮತ್ತೆ ಗೊರಗೊರ. ಮಾರೆಪ್ಪ ತಲೆ ತಗ್ಗಿಸಿ, ಅದೇ ಕೊನೆಯ ಹಾಡು ಎಂದ. ಮುಂದಿನ ಸಾಲು ಅವನಿಗೂ ನೆನಪಿಲ್ಲ, ನನಗೂ ಇಲ್ಲ. ನೋಟುಬುಕ್ಕು ಬೂದಿಯಾಗಿದೆ. ಇನ್ನೊಂದು ಕ್ಯಾಸೆಟ್ ಎಲ್ಲಿಯೂ ಇಲ್ಲ. ನಿನ್ನ ದನಿಯೆಂದು ಈ ಭೂಮಿಯ ಮೇಲೆ ಎರಡು ಸಾಲು ಉಳಿದಿವೆ, ಉಳಿದದ್ದನ್ನು ನಾನು ಹಕ್ಕಿಗಳಿಗೆ ಹಾಕಿದೆ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ.

ಭಾವನವರಿಗೆ ನಮಸ್ಕಾರ ತಿಳಿಸು. ರೇಣುಕಾ ನಿನಗೆಂದು ಮಜ್ಜಿಗೆ ಮೆಣಸಿನಕಾಯಿ ಒಣಗಿಸಿದ್ದಾಳೆ, ಗಂಟಲು ಒಪ್ಪಿದರೆ ತಿನ್ನಬೇಕಂತೆ. ಹಂಪಿಯ ವಿರೂಪಾಕ್ಷ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಪ್ಪಿತಸ್ಥ ತಮ್ಮ,
ಹಂಪೇಶ

ಮ.ವಿ.: ಬಸ್ಸು ಬರುವ ಹೊತ್ತಾಯಿತು, ಹೊಸಪೇಟೆಗೆ ಹೋಗಿ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತೇನೆ. ನಿನ್ನೆ ಆ ತುಂಡು ಹಾಡುವಾಗ ಸ್ಫೂರ್ತಿ ಅಡುಗೆಮನೆಯಿಂದ ಓಡಿ ಬಂದಳು. ಹೇಳಬೇಡಿ ಎಂದು ಎಲ್ಲರಿಗೂ ಕಣ್ಸನ್ನೆ ಮಾಡಿದೆ. ಮತ್ತೆ ಮತ್ತೆ ಹಾಕಿಸಿ ಕೇಳಿ ಮೊಬೈಲಿನಲ್ಲಿ ಹಿಡಿದುಕೊಂಡಳು. ‘ಯಾರ್ ಮಾಮಾ ಈಕಿ? ಭಾಳ ಚೊಲೋ ಹಾಡ್ಯಾಳ. ಅವ್ವ ಮಾತಿಲ್ದ ಬ್ಯಾಸರ ಮಾಡ್ಕೊಂಡು ಕುಂತಾಳ, ಆಕಿಗೆ ಕೇಳಿಸ್ತೀನಿ’ ಎಂದಳು. ಹಳೆಯ ಹಾಡು, ನಿಮ್ಮವ್ವನನ್ನೇ ಕೇಳು ಎಂದೆ. ಶನಿವಾರ ಸೊಲ್ಲಾಪುರಕ್ಕೆ ಬರುತ್ತಾಳೆ. ನಿನ್ನ ಪಕ್ಕದಲ್ಲಿ ಕೂತು ಕೇಳಿಸಿ, ಯಾರೆಂದು ನಿನ್ನನ್ನೇ ಕೇಳುತ್ತಾಳೆ. ಸ್ಲೇಟು ಹತ್ತಿರ ಇಟ್ಟುಕೋ.