ಅತ್ತೆ ಡಾಕ್ಟ್ರಿಗೆ ಕೇಳಿದ್ದು

ಮಾವಾ,

ನಿಮ್ಮ ಸೊಸೆ ಸವಿತಾ ಬರೀತಿದ್ದೀನಿ. "ಇವಳು ಸುಮ್‌ಸುಮ್ನೆ ಬರೆಯೋಳಲ್ಲ, ಏನೋ ಇದೆ" ಅಂತ ಅಲ್ಲೂ ಕನ್ನಡಕ ಮೇಲೇರಿಸ್ತಿರ್ತೀರ, ಗೊತ್ತು. ಇದೆ. ಆ ರೆಕಾರ್ಡಿಂಗ್ ವಿಷಯ.

ಜಾಲಹಳ್ಳಿ ಫ್ಯಾಕ್ಟರಿಯಲ್ಲಿ ನೀವು ಇನ್‌ಸ್ಪೆಕ್ಷನ್‌ನಲ್ಲಿ ಇದ್ದೋರು. ಬೇರೆಯವರು ಪಾಸ್ ಮಾಡಿದ್ದನ್ನೂ ಇನ್ನೊಂದ್ಸಲ ಅಳೆಯೋರು. ರಿಟೈರ್ ಆದ್ಮೇಲೆ ಅಳೆಯೋಕೆ ನಾವೇ ಸಿಕ್ಕಿದ್ವಿ. ಹಾಲಿನವನು ನೀರು ಬೆರೆಸ್ತಾನೆ, ಸೊಸೆ ಬೇಕಂತ್ಲೇ ಕಾಫಿಗೆ ಸಕ್ಕರೆ ಕಮ್ಮಿ ಹಾಕ್ತಾಳೆ. ಕೊನೇದು ನಿಜ, ಅತ್ತೇನೇ ಹಾಗೆ ಹಾಕು ಅಂದಿದ್ರು.

ಆವತ್ತು ನೀವು ಟೀವಿ ಬಾಕ್ಸಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಡಾಕ್ಟ್ರ ಲೈವ್ ಕಾರ್ಯಕ್ರಮ ರೆಕಾರ್ಡಿಗೆ ಹಾಕಿಟ್ಟು ಪೆನ್ಷನ್ ಮೀಟಿಂಗಿಗೆ ಹೋಗಿದ್ರಿ, ನಾನೂ ನಿಮ್ಮ ಮಗನೂ ಕೆಲಸಕ್ಕೆ. ಆ ಕಾರ್ಯಕ್ರಮಕ್ಕೇ ಅತ್ತೆ ಫೋನ್ ಮಾಡಿದ್ರಂತೆ, ಹೇಗೋ ಲೈನ್ ಸಿಕ್ಕಿಬಿಡ್ತಂತೆ. ಸಂಜೆ ನೀವು "ಏನೇ ಕೇಳ್ದೆ?" ಅಂದ್ರೆ, "ರೆಕಾರ್ಡ್ ಆಗಿದ್ಯಲ್ಲ, ನೀವೇ ನೋಡ್ಕೊಳ್ಳಿ, ನಾನ್ ಹೇಳಲ್ಲ" ಅಂತ ಸೆರಗು ಬಾಯಿಗಿಟ್ಕೊಂಡು ನಕ್ಕರು. ಪೆನ್‌ಡ್ರೈವ್ ಹಾಕಿದ್ರೆ ಫೈಲು ತೆರೀಲೇ ಇಲ್ಲ, "ಈ ಫೈಲ್ ಪ್ಲೇ ಆಗಲ್ಲ" ಅಂತ ಮೆಸೇಜು.

"ಮಧ್ಯೆ ಕರೆಂಟ್ ಹೋಯ್ತು ಕಣ್ರೀ" ಅಂದ್ರು ಅತ್ತೆ. ನೀವು ಒಪ್ತೀರಾ? "ಹೋದ್ರೆ ಹೋಗ್ಲಿ, ಅಲ್ಲಿವರೆಗಿಂದು ಇರ್ಬೇಕಲ್ಲ? ಕ್ಯಾಸೆಟ್ಟಲ್ಲಾದ್ರೆ ಉಳೀತಿರ್ಲಿಲ್ವಾ?" ನಿಮಗಿಂತ ಮುಂಚೆ ಮನೆಗೆ ಬಂದಿದ್ದ ನಿಮ್ಮ ಮಗ ಅದೇ ಪೆನ್‌ಡ್ರೈವ್ ಕಿತ್ತು ಸಿನಿಮಾ ಹಾಕ್ಕೊಂಡಿದ್ರು. ಅಷ್ಟೇ ಸಾಕಾಯ್ತು ನಿಮಗೆ. ಇವನೇ ಹಾಳು ಮಾಡಿದಾನೆ ಅಂತ ತೀರ್ಮಾನ.

ಮುಂದಿನ ಸಂಕ್ರಾಂತಿಗೆ ಅತ್ತೆ ಇರ್ಲಿಲ್ಲ. ಆಮೇಲೆ ನೀವು ಮಗನ ಜೊತೆ ಮಾತಾಡಿದ್ದೆಷ್ಟು? "ಅವನಿಗೆ ಹೇಳು" ಅಂತ ಎಲ್ಲಾ ನನ್ನ ಬಾಯಲ್ಲೇ. ಆಸ್ಪತ್ರೆಯಲ್ಲೂ ಗೋಡೆ ಕಡೆ ತಿರುಗಿ ಮಲಗಿದ್ರಿ, ಹಾಗೇ ಹೊರಟುಹೋದ್ರಿ. ನಾನು ಮಧ್ಯೆ ನಿಂತು… ಯಾರನ್ನ ನಂಬ್ಲಿ ಮಾವಾ? ಒಂದೊಂದ್ಸಲ ನನಗೂ ಇವರ ಮೇಲೆ ಅನುಮಾನ.

ಹೋದ ವಾರ ನಿಮ್ಮ ಮೊಮ್ಮಗಳ ಸ್ಕೂಲಿನ ಕೋಲಾಟ ಟೀವಿಯಲ್ಲಿ ಲೈವ್ ಬರೋದಿತ್ತು. ಬಾಕ್ಸ್ ಸೆಟ್ಟಿಂಗಲ್ಲಿ ನೋಡಿದ್ರೆ ರೆಕಾರ್ಡ್ ಮಾಡೋಕೆ ಎರಡು ಥರದ ಫೈಲ್ ಇದೆ: ಎಂಪಿ ಫೋರ್, ಟಿಎಸ್. "ಎಂಪಿ ಫೋರೇ ಇರ್ಲಿ ಬಿಡು, ಫೋನಲ್ಲೂ ಓಡುತ್ತೆ. ಮೊದಲಿಂದಾನೂ ಅದೇ ಇರೋದು" ಅಂದ್ರು ನಿಮ್ಮ ಮಗ. ನಂಬ್ತೀನಾ? ನಿಮ್ಮ ಕೈಕೆಳಗೆ ಪಳಗಿದ ಸೊಸೆ! ಎರಡರಲ್ಲೂ ಒಂದಷ್ಟು ಜಾಹೀರಾತು ರೆಕಾರ್ಡ್‌ಗೆ ಹಾಕಿ, ನಡು ಮಧ್ಯೆ ಪ್ಲಗ್ ಕಿತ್ತೆ. ಟಿಎಸ್ ಫೈಲು ನಾನು ಕಿತ್ತ ಜಾಗದವರೆಗೂ ಓಡ್ತು. ಎಂಪಿ ಫೋರ್ ತೆರೀಲೇ ಇಲ್ಲ. ಆವತ್ತು ಬಂದಿದ್ದ ಅದೇ ಮೆಸೇಜು.

ಟಿಎಸ್ ನಿಮ್ಮ ಕ್ಯಾಸೆಟ್ ಥರ, ಬಂದಷ್ಟು ಬಂದ ಹಾಗೇ ಉಳಿಯುತ್ತೆ. ಎಂಪಿ ಫೋರ್ ಎಲ್ಲೆಲ್ಲಿ ಏನಿದೆ ಅನ್ನೋದನ್ನ ಕೊನೇಲಿ ಬರ್ಕೊಳ್ಳುತ್ತಂತೆ. ಅಷ್ಟರೊಳಗೆ ಕರೆಂಟ್ ಹೋದ್ರೆ ಒಳಗೆ ಎಲ್ಲಾ ಇದ್ರೂ ತೆರಿಯೋಕಾಗಲ್ಲ. ನಿಮ್ಮ ಮಗ ಏನೂ ಮಾಡಿರ್ಲಿಲ್ಲ ಮಾವಾ.

ನಿಮ್ಮ ಶೇವಿಂಗ್ ಡಬ್ಬಿಯಲ್ಲಿದ್ದ ಪೆನ್‌ಡ್ರೈವ್ ತಗೊಂಡು ಜಾಲಹಳ್ಳಿ ಕ್ರಾಸಿನ ರಿಪೇರಿ ಅಂಗಡಿಗೆ ಹೋದೆ. "ಇದೇ ಬಾಕ್ಸಲ್ಲಿ ಮಾಡಿರೋ ಚೆನ್ನಾಗಿರೋ ಫೈಲ್ ಒಂದು ತನ್ನಿ ಅಕ್ಕಾ, ಅದರ ಆಧಾರದ ಮೇಲೆ ಇದನ್ನ ಎಬ್ಬಿಸ್ಬೋದು. ಬಿಟ್ಟು ಹೋಗಿ, ನಾಳೆ ಬನ್ನಿ" ಅಂದ ಅಂಗಡಿ ಹುಡುಗ. ಬಿಟ್ಟು ಹೋಗೋದಾ? ತಂದುಕೊಟ್ಟು ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂತೆ.

ಮನೆಗೆ ತಂದು ಹಾಕಿದೆ. ನಿಮ್ಮ ಮಗ ಟೀವಿ ಮುಂದೆ ನೆಲದ ಮೇಲೇ ಕೂತ್ಬಿಟ್ರು. "ಟೀವಿ ವಾಲ್ಯೂಮ್ ಕಮ್ಮಿ ಮಾಡಿ ಅಮ್ಮಾ" ಅಂತಾಳೆ ಕಾರ್ಯಕ್ರಮ ನಡೆಸೋ ಹುಡುಗಿ. ಆಮೇಲೆ ಅತ್ತೆ ಧ್ವನಿ: "ಡಾಕ್ಟ್ರೇ, ನಮ್ಮೆಜಮಾನ್ರಿಗೆ ಎಲ್ಲರ ಮೇಲೂ ಅನುಮಾನ. ಒಳ್ಳೇ ಮನುಷ್ಯ. ಮಗ ಅಂದ್ರೆ ಪ್ರಾಣ, ಆದ್ರೆ ಬಾಯ್ಬಿಟ್ಟು ಒಂದಿನ ಹೇಳಲ್ಲ. ಇದಕ್ಕೇನಾದ್ರೂ ಮಾತ್ರೆ ಇದ್ಯಾ?"

ಡಾಕ್ಟ್ರು ಜೋರಾಗಿ ನಕ್ಕು, "ಇದೆ ಅಮ್ಮಾ, ಅವರಿಗೆ ದಿನಾ…" ಅಂದ್ರು.

ಆವತ್ತು ಕರೆಂಟ್ ಹೋಗಿದ್ದು ಅಲ್ಲೇ.