ಫ್ರಿಜ್ಜಿನ ಮುಂದೆ ನಿಂತು ತಿಂದ ಕೋಳಿ

ರೀ,

ನಿನ್ನೆ ನಡುರಾತ್ರಿ ಅಡುಗೆಮನೆಯಲ್ಲಿ ಕಟಕ್ ಎಂದು ಸದ್ದಾಯಿತು. ಇಲಿ ಬಂತೆಂದು ಪೊರಕೆ ಹಿಡಿದು ಬಂದರೆ, ನೀವು ಫ್ರಿಜ್ಜಿನ ಬೆಳಕಿನಲ್ಲಿ ನಿಂತು ಕೋಳಿ ಮೂಳೆ ಕಡಿಯುತ್ತಿದ್ದಿರಿ. ಸದ್ದಿಲ್ಲದೆ ಹಿಂದಕ್ಕೆ ಹೋದೆ.

ನೀವು ಹೂಕುಂಡದಲ್ಲಿ ಹೂತಿಟ್ಟ ಮೂಳೆಗಳನ್ನು ಬೆಕ್ಕು ಅಗೆದು ಹರಡಿತ್ತು. ಮಗಳು ಏಳುವ ಮೊದಲೇ ಗುಡಿಸಿದ್ದೇನೆ.

ಐದು ವರ್ಷ ಸಸ್ಯಾಹಾರಿಯಾಗಿದ್ದು ಈಗ ಮಾಂಸ ಬೇಕೆನಿಸಿದರೆ ಧಾರಾಳವಾಗಿ ತಿನ್ನಿ, ನನ್ನ ತಕರಾರಿಲ್ಲ. ಆದರೆ ಹೋದ ವಾರ ಆ ಮಗು ಗೆಳತಿಯ ಮನೆಯಲ್ಲಿ ಒಂದೇ ಒಂದು ತುಂಡು ಕೋಳಿ ತಿಂದೆನೆಂದು ತಾನಾಗಿಯೇ ಬಂದು ಹೇಳಿದಾಗ ನೀವೇನು ಮಾಡಿದಿರಿ? "ನಿನ್ನಿಂದ ಇದನ್ನ ಕೇಳ್ಬೇಕಾಯ್ತಲ್ಲ" ಅಂದು ಎರಡು ದಿನ ಮಾತು ಬಿಟ್ಟಿರಿ. ಅವಳು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಇನ್ಮೇಲೆ ತಿನ್ನಲ್ಲ, ಮಾತಾಡಪ್ಪಾ" ಎಂದು ಗೋಗರೆದಳು. ಎಂಟು ವರ್ಷದ ಹುಡುಗಿಗಿರುವ ಧೈರ್ಯ ನಿಮಗಿಲ್ಲವೇನ್ರೀ? ನೆನೆದರೆ ಈಗಲೂ ಮೈ ಉರಿಯುತ್ತದೆ.

ಲೈಬ್ರರಿಯ ಬೀಗದ ಕೈ ನನ್ನಲ್ಲೇ ಇದೆ, ಹೊರಡಲೇಬೇಕು. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಮೊಸರಿನ ಡಬ್ಬಿಯ ಹಿಂದೆ ಅಡಗಿಸಿದ ಪೊಟ್ಟಣವನ್ನು ಮುಂದೆ ತಂದಿಡಿ, ಚೆಲ್ಲಬೇಡಿ.

ನಾಲ್ಕಕ್ಕೆ ಅವಳು ಶಾಲೆಯಿಂದ ಬರುತ್ತಾಳೆ. ಹಾಲು ಕೊಟ್ಟು, ಎದುರು ಕೂತು, ಎಲ್ಲವನ್ನೂ ಹೇಳಿ ಕ್ಷಮೆ ಕೇಳಿ. ಅದಕ್ಕೆ ಮೊದಲು ಈ ಚೀಟಿ ಹರಿದುಹಾಕಿ.

ಅವಳಿಗಾಗಲಿ, ನಿಮ್ಮ ಅಮ್ಮನಿಗಾಗಲಿ, ಯಾರಿಗೂ ನಾನು ಒಂದು ಮಾತೂ ಹೇಳುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಅವಳದನ್ನು ಅವಳೇ ಹೇಳಿದಳು. ನಿಮ್ಮದನ್ನು ನೀವೇ ಹೇಳಬೇಕು.