ರುದ್ರೇಶಣ್ಣನ ಕೀಲಿಕೈ

ಗುರುವಾರ, ನವೆಂಬರ್ ೨೧

ಇವತ್ತು ಲ್ಯಾಬಿನಲ್ಲಿ ಮರಿ ಇಲಿಗಳಿಗೆ ಜೋರಾಗಿ ಗಂಟೆ ಬಾರಿಸಿದೆವು. ಬುದ್ಧಿ ಬೆಳೆಯಗೊಡದ ಆ ವಂಶವಾಹಿ ದೋಷ ಇದ್ದ ಮರಿಗಳು ಸದ್ದಿಗೇ ಫಿಟ್ಸ್ ಬಂದು ಬಿದ್ದವು. ಉಳಿದವು ಮೂತಿ ಒರೆಸಿಕೊಳ್ಳುತ್ತ ಕುಳಿತಿದ್ದವು. ಬರೆದುಕೊಳ್ಳಬೇಕಾದ ನನ್ನ ಕೈ ಜೇಬಿನಲ್ಲಿ ಕೀಲಿಕೈ ಹುಡುಕುತ್ತಿತ್ತು. ಇಷ್ಟು ಓದಿಯೂ!

ರುದ್ರೇಶಣ್ಣನಿಗೆ ಅವ್ವನಿಂದ ಬಂದಿದ್ದೂ ಅದೇ ದೋಷ. ಹಂಸಭಾವಿಯ ಮನೆಯಲ್ಲಿ ಅವನು ಬಿದ್ದಾಗಲೆಲ್ಲ ಅವ್ವ ಕೂಗುತ್ತಿದ್ದಳು: "ಶೈಲಾ, ಕೀಲಿಕೈ ತೊಗೊಂಡ್ ಬಾ, ಲಗೂನ!" ಟ್ರಂಕಿನ ಕಬ್ಬಿಣದ ಕೀಲಿಕೈಯನ್ನು ಅವನ ಮುಷ್ಟಿಗೆ ತುರುಕುವುದು ನನ್ನ ಕೆಲಸ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ ಎಂದು ಈಗ ಗೊತ್ತು. ಆದರೆ ಎಚ್ಚರವಾದ ಮೇಲೆ ಅವನು ಅದನ್ನು ನನಗೇ ಕೊಟ್ಟು, "ಬಾಗಲಾ ತಗಿ, ಆಡಾಕ ಹೋಗೂಣು" ಎಂದು ನಗುತ್ತಿದ್ದ. ಮೀಸೆ ಬಂದ ಮೇಲೂ ಹಾಗೇ ಅನ್ನುತ್ತಿದ್ದ. ಎಂಥ ನಗು ಅದು! ಅವನು ತೀರಿಕೊಂಡಂದಿನಿಂದ ಆ ಕೀಲಿಕೈ ನನ್ನ ಜೇಬಿನಲ್ಲೇ ಇರುತ್ತದೆ.

ಸಂಜೆ ಫೋನಿನಲ್ಲಿ ಅವ್ವನಿಗೆ ಇಲಿಗಳ ಸುದ್ದಿ ಹೇಳಿದೆ. ಹೇಳಬಾರದಿತ್ತು. ಅವಳು ಕೇಳಿದಳು:

"ಆ ಮರಿಗೋಳಿಗೂ ಅವ್ವನಿಂದನ ಬಂದೈತೇನವಾ?"

"ಊಟ ಆತೇನಬೇ?" ಎಂದೆ.

ನಿದ್ದೆ ಬರುತ್ತಿಲ್ಲ. ಈ ಕೀಲಿಕೈ ಈಗ ಇರಬೇಕಾದದ್ದು ಅವ್ವನ ಮುಷ್ಟಿಯಲ್ಲಿ. ನಾನೋ ಇಷ್ಟು ದೂರದಲ್ಲಿದ್ದೇನೆ.